ಮತದಾನದಲ್ಲಿ ಬತ್ತಿದ ಕೆರೆ

ಜಗದಾಂಬಾ ಟೀಚರು ರಾಜಾಜಿನಗರದ ಹೈಸ್ಕೂಲೊಂದರಲ್ಲಿ ಮೂವತ್ನಾಲ್ಕು ವರ್ಷ ಇತಿಹಾಸ ಹೇಳಿಕೊಟ್ಟವರು. ಮಕ್ಕಳು ಬೆನ್ನ ಹಿಂದೆ ಅವರ ಹೆಸರಿಗೊಂದು ‘ಳ’ ತುರುಕಿ ‘ಜಗಳದಾಂಬಾ’ ಮಾಡಿದ್ದರು. ಅದು ಅವರಿಗೆ ಗೊತ್ತಿತ್ತು, ಬೇಸರವೇನೂ ಇರಲಿಲ್ಲ. ಹೇಳಿದ್ದನ್ನೆಲ್ಲ ಜಗಳವಿಲ್ಲದೆ ಒಪ್ಪಿಕೊಳ್ಳುವವರು ಭೂಗೋಳ ಓದಲಿ ಎಂಬುದು ಅವರ ನಿಲುವು.

ನಿವೃತ್ತರಾದ ಮರುತಿಂಗಳೇ ಅವರು ನಮ್ಮ ಬಡಾವಣೆಯ ಪಾರ್ಕಿನ ಕರಿಹಲಗೆಯನ್ನು ವಶಪಡಿಸಿಕೊಂಡರು. ಸುಂಕದಕಟ್ಟೆಯಿಂದ ಈಚೆಗೆ, ಮಾಗಡಿ ರಸ್ತೆಯಿಂದ ಎರಡು ತಿರುವು ಒಳಗೆ ನಮ್ಮ ಬಡಾವಣೆ. ಪಾರ್ಕಿನ ಗೇಟಿನ ಪಕ್ಕ ನಿವಾಸಿಗಳ ಸಂಘದ ಹಲಗೆ, ಅದಕ್ಕೆ ಗಾಜಿನ ಬಾಗಿಲು, ಬಾಗಿಲಿಗೆ ಬೀಗ. ಅದರಲ್ಲಿ ಮೊದಲು ‘ಮೌನವೇ ಆಭರಣ’ದಂಥ ನುಡಿಮುತ್ತುಗಳಿರುತ್ತಿದ್ದವು. ಮುತ್ತೇ ಆದ್ದರಿಂದ ಯಾರೂ ಮುಟ್ಟುತ್ತಿರಲಿಲ್ಲ. ಟೀಚರು ಬೀಗದ ಕೈ ಇಸಿದುಕೊಂಡು, ಬೆಳಿಗ್ಗೆ ಆರಕ್ಕೆ ‘ನಿಮಗೆ ಗೊತ್ತೇ?’ ಎಂದು ದಪ್ಪಕ್ಷರದಲ್ಲಿ ಬರೆದು, ಅದರ ಕೆಳಗೆ ದಿನಕ್ಕೊಂದು ಸಂಗತಿ ಹಾಕತೊಡಗಿದರು. ಕಬ್ಬನ್ ಪಾರ್ಕಿಗೆ ಮೊದಲು ಇದ್ದ ಹೆಸರು ಮೀಡ್ಸ್ ಪಾರ್ಕ್. ಮೆಜೆಸ್ಟಿಕ್ ಬಸ್ ನಿಲ್ದಾಣ ನಿಂತಿರುವುದು ಧರ್ಮಾಂಬುಧಿ ಕೆರೆಯಲ್ಲಿ. ಕಾನ್ವೆಂಟಿನಲ್ಲಿ ಇಂಗ್ಲೆಂಡಿನ ಹೆನ್ರಿ ಮಹಾರಾಜನ ಆರು ಹೆಂಡಿರನ್ನು ಕ್ರಮವಾಗಿ ಉರು ಹೊಡೆದು, ಸ್ವಂತ ಊರಿನ ಒಂದು ಕೆರೆಯ ಹೆಸರೂ ಗೊತ್ತಿಲ್ಲದ ನಮ್ಮಂಥವರು ಅಲ್ಲಿ ನಿಂತು ಓದಿ, ಆಮೇಲೆ ಇಡ್ಲಿಗೆ ಹೋಗುತ್ತಿದ್ದೆವು.

ಎರಡು ಕಡೆ ಆಧಾರ ಸಿಗದೆ ಅವರು ಸೀಮೆಸುಣ್ಣ ಮುಟ್ಟುತ್ತಿರಲಿಲ್ಲ. ಟೆಲಿಫೋನ್ ಇಲಾಖೆಯಲ್ಲಿದ್ದು ನಿವೃತ್ತರಾದ ಪುರುಷೋತ್ತಮ ಒಮ್ಮೆ ಮೊಬೈಲ್ ಹಿಡಿದು ಬಂದರು.

“ಮೇಡಂ, ಕೆಂಗೇರಿಯಿಂದ ಕೋಟೆವರೆಗೂ ಸುರಂಗ ಇತ್ತಂತೆ. ಇದನ್ನ ಹಾಕಿ.”

“ಯಾರು ನೋಡಿದ್ದು?”

“ಎಲ್ರೂ ಹೇಳ್ತಾರಲ್ಲ ಮೇಡಂ.”

“ಎಲ್ರೂ ಅಂದ್ರೆ ಒಬ್ರೂ ಅಲ್ಲ ಅಂತ ಅರ್ಥ. ಸುರಂಗದಿಂದ ಆಚೆ ಬಂದವರ ಹೆಸರು ತನ್ನಿ, ಹಾಕ್ತೀನಿ.”

ಹೀಗಿರುವಾಗ ಫೆಬ್ರವರಿಯ ಒಂದು ಸೋಮವಾರ ಹಲಗೆಯ ಮೇಲೆ ಇದು ಕಾಣಿಸಿತು: ‘ನಮ್ಮ ಪಾರ್ಕು ಮತ್ತು ಮೊದಲ ಐದು ಕ್ರಾಸುಗಳು ಇರುವುದು ಮಾರಮ್ಮನ ಕೆರೆಯ ಅಂಗಳದಲ್ಲಿ. 1911ರಲ್ಲಿ ಇದರ ಹೂಳೆತ್ತಿಸಲು ಊರಿನವರು ಕೊಟ್ಟ ಅರ್ಜಿಯಲ್ಲಿ ಮೂವರು ಹೆಂಗಸರ ಹೆಬ್ಬೆಟ್ಟುಗಳಿವೆ.’

ಮೂವರು ಹೆಂಗಸರು ಯಾರ ಕಣ್ಣಿಗೂ ಬೀಳಲಿಲ್ಲ. ಎಲ್ಲರ ಕಣ್ಣು ಹೋದದ್ದು ‘ಐದು ಕ್ರಾಸು’ಗಳ ಮೇಲೆ. ಬೇರೆ ಊರುಗಳಲ್ಲಿ ಇತಿಹಾಸವೆಂದರೆ ಇಸವಿ, ನಮ್ಮಲ್ಲಿ ಸರ್ವೆ ನಂಬರು. ಊರಿನ ಇನ್ನೊಂದು ಮೂಲೆಯಲ್ಲಿ ರಾಜಕಾಲುವೆಯ ಮೇಲೆ ಕಟ್ಟಿದ್ದ ಮನೆಗಳಿಗೆ ಆಗಷ್ಟೇ ಜೆಸಿಬಿ ಬಂದಿತ್ತು. ಒಡೆಯುವುದನ್ನು ನಾವೆಲ್ಲ ಟೀವಿಯಲ್ಲಿ ನೋಡಿ, ಕಾಫಿ ಆರಿಸಿಕೊಂಡು ಕುಡಿದಿದ್ದೆವು.

ಏಳು ಗಂಟೆಗೆಲ್ಲ ಸಂಘದ ಕಾರ್ಯದರ್ಶಿ ಸಿದ್ದೇಶ್ ಬಂದ. ಬಣ್ಣದ ಅಂಗಡಿಯವನು, ಮೂರನೇ ಕ್ರಾಸಿನಲ್ಲಿ ಮೂರು ಅಂತಸ್ತು ಎಬ್ಬಿಸಿ, ಮೇಲಿನ ಎರಡನ್ನು ಬಾಡಿಗೆಗೆ ಕೊಟ್ಟಿದ್ದ. ಅಂದು ಅವನ ಮುಖದಲ್ಲಿ ಯಾವ ಬಣ್ಣವೂ ಇರಲಿಲ್ಲ.

“ಇದನ್ನ ಬರೀರಿ ಅಂತ ನಿಮಗೆ ಯಾರು ಹೇಳಿದ್ದು ಮೇಡಂ?”

“ಯಾರೂ ಹೇಳಿಲ್ಲ. ಹಳೇ ನಕ್ಷೆ ಒಂದು, ಅರ್ಜಿ ಒಂದು. ಎರಡಕ್ಕೂ ನಕಲು ಇದೆ, ನೋಡ್ತೀಯಾ?”

“ನಕಲು ಬೇರೆ ಇಟ್ಕೊಂಡಿದೀರಾ!” ಎಂದ ಸಿದ್ದೇಶ್. ನಕಲು ಇಟ್ಟುಕೊಂಡವರ ಅಸಲು ಉದ್ದೇಶವೇನು ಎಂಬ ಚರ್ಚೆ ಅಲ್ಲಿಂದಲೇ ಶುರುವಾಯಿತು.

ಟೀಚರು ವಾರಕ್ಕೆರಡು ಸಲ ಬಸ್ಸಿನಲ್ಲಿ ಹೋಗಿಬರುವುದು ಎಲ್ಲಿಗೆ? ದಾಖಲೆ ಕಚೇರಿಗೆ ಎಂದು ಅವರೇ ಹೇಳುತ್ತಿದ್ದರು. ಹಾಗೆ ಹೇಳುವುದೇ ಅನುಮಾನಕ್ಕೆ ಎಡೆಯಾಯಿತು, ನಿಜವಾಗಿ ಅಲ್ಲಿಗೇ ಹೋಗುವವರು ಹೇಳಿಕೊಂಡು ಹೋಗುತ್ತಾರೆಯೇ? ಅವರ ಮನೆ ನಾಲ್ಕನೇ ಕ್ರಾಸಿನಲ್ಲಿ, ಅಂದರೆ ಕೆರೆಯೊಳಗೇ ಇದೆಯಲ್ಲ ಎಂದು ನಾನು ಕೇಳಿದೆ.

“ಅದೇ ಅನುಮಾನ ಸಾರ್,” ಎಂದರು ಪುರುಷೋತ್ತಮ, ದನಿ ತಗ್ಗಿಸಿ. “ಸ್ವಂತ ಮನೆ ಹೋದ್ರೂ ಪರವಾಗಿಲ್ಲ ಅಂತಾರೆ ಅಂದ್ರೆ, ಬೇರೆ ಕಡೆ ಸೈಟು ಆಗಲೇ ಸಿಕ್ಕಿರಬೇಕು.”

ನನಗೂ ಹಾಗೇ ಅನಿಸತೊಡಗಿತು. ನನ್ನ ಮನೆ ಎರಡನೇ ಕ್ರಾಸು.

ಟೀಚರು ಸಾಕ್ಷಿಗಾಗಿ ದೊಡ್ಡಣ್ಣನ ಬಳಿ ಹೋದರು. ಎಂಬತ್ತೆರಡರ ದೊಡ್ಡಣ್ಣ ಹಳೇ ಊರಿನವರು. ಈ ಸೈಟುಗಳನ್ನೆಲ್ಲ ಮಾರಿದ್ದು ಅವರ ಮನೆತನದವರೇ. ಜಗುಲಿಯಲ್ಲಿ ಕೂತಿದ್ದವರು ಟೀಚರ ಕೈಚೀಲವನ್ನು ಮೇಲಿಂದ ಕೆಳಕ್ಕೆ ನೋಡಿದರು.

“ಕೆರೆಯೂ ಇಲ್ಲ ಗಿರೆಯೂ ಇಲ್ಲ ಟೀಚರಮ್ಮ. ತೆಂಗಿನ ತೋಟ ಇತ್ತು.”

“ಹೌದಾ? ನೀವು ಚಿಕ್ಕೋರಿದ್ದಾಗ ಈಜಿನಲ್ಲಿ ಬಹಳ ಜೋರಂತೆ?”

“ಜೋರು ಅಂದ್ರೆ! ಈ ಸುತ್ತೆಲ್ಲಾ ನನ್ನ ಹಿಡಿಯೋರೇ ಇರ್ಲಿಲ್ಲ. ಆ ದಡದಿಂದ ಈ ದಡಕ್ಕೆ ಒಂದೇ ಉಸಿರಿಗೆ...” ಅವರು ಬಾಯಿ ಮುಚ್ಚಿಕೊಂಡರು. “ಮೊಬೈಲಲ್ಲಿ ಮಾತು ಹಿಡ್ಕೊಂಡ್ರಾ?”

“ಇಲ್ಲ.”

“ತೆಂಗಿನ ತೋಟಕ್ಕೆ ನೀರು ಜಾಸ್ತಿ ಬಿಡ್ತಿದ್ವಿ,” ಎಂದು ದೊಡ್ಡಣ್ಣ ಎದ್ದು ಒಳಗೆ ಹೋದರು.

ಭಾನುವಾರ ಗಣೇಶನ ಗುಡಿಯ ಹಾಲ್‌ನಲ್ಲಿ ಸಭೆ ಸೇರಿತು, ದೊಡ್ಡಣ್ಣನೂ ಬಂದಿದ್ದರು. ಬಾಗಿಲು ಹಾಕಿಕೊಂಡು ಮಾತಾಡಿದೆವು. ಯಾರೂ ಯಾರ ಪಕ್ಕದಲ್ಲೂ ನೆಮ್ಮದಿಯಾಗಿ ಕೂರಲಿಲ್ಲ. ಸಿದ್ದೇಶ್ ನಿರ್ಣಯ ಓದಿದ: ಬಡಾವಣೆಯ ಜಾಗದಲ್ಲಿ ಯಾವ ಕಾಲದಲ್ಲೂ ಕೆರೆ ಇರಲಿಲ್ಲ. ಅದನ್ನು ಟೀಚರು ನಾಳೆ ಬೆಳಿಗ್ಗೆ ಹಲಗೆಯ ಮೇಲೆ ಬರೆಯಬೇಕು, ಇಲ್ಲವೇ ಬೀಗದ ಕೈ ಒಪ್ಪಿಸಬೇಕು.

“ಇತಿಹಾಸಕ್ಕೆ ವೋಟು ಹಾಕ್ತೀರಾ?” ಎಂದರು ಟೀಚರು.

“ಎಲ್ಲದಕ್ಕೂ ಹಾಕ್ತೀವಿ ಮೇಡಂ, ಇದಕ್ಕೇನು,” ಎಂದ ಸಿದ್ದೇಶ್.

ಕೈ ಎತ್ತಿದರೆ ಯಾರು ಯಾರ ಕಡೆ ಎಂದು ತಿಳಿದುಹೋಗುತ್ತದೆಂದು ಚೀಟಿ ಹಾಕಿಸಿದರು. ಕೆರೆ ಇರಲಿಲ್ಲ, ಮೂವತ್ತೊಂದು. ಇತ್ತು, ಎರಡು. ಮೂವತ್ತೊಂದರಲ್ಲಿ ನನ್ನದೂ ಒಂದು. ಎರಡನೇ ಚೀಟಿ ಯಾರದೆಂದು ಎಲ್ಲರೂ ಎಲ್ಲರ ಮುಖ ನೋಡಿದರು.

ಟೀಚರು ಮನೆಗೆ ನಡೆದರು. ಅವರಿಗೆ ಉಳಿದಿದ್ದ ತರಗತಿ ಆ ಹಲಗೆಯೊಂದೇ. ಸೋಮವಾರ ಒಂದು ಸುಳ್ಳು ಬರೆದರೆ ಹಲಗೆ ಉಳಿಯುತ್ತದೆ, ಆದರೆ ಆಮೇಲೆ ಅದರ ಮೇಲೆ ಬರೆದ ಯಾವುದನ್ನೂ ಅವರೇ ನಂಬಲಾರರು. ಬರೆಯದಿದ್ದರೆ ಮಂಗಳವಾರದಿಂದ ಮತ್ತೆ ಮೌನವೇ ಆಭರಣ.

ಸೋಮವಾರ ಆರೂಕಾಲಿಗೆ ಹಲಗೆಯ ಮುಂದೆ ಎಂಟು ಜನ, ಆರೂವರೆಗೆ ಮೂವತ್ತು. ಬರಹ ದುಂಡಗೆ, ಸ್ವಚ್ಛವಾಗಿತ್ತು:

‘ನಿಮಗೆ ಗೊತ್ತೇ? ಈ ಬಡಾವಣೆಯ ಜಾಗದಲ್ಲಿ ಯಾವ ಕಾಲದಲ್ಲೂ ಕೆರೆ ಇರಲಿಲ್ಲವೆಂದು ನಿನ್ನೆ ಸಂಜೆ ಐದೂವರೆಗೆ 31–2 ಮತಗಳಿಂದ ತೀರ್ಮಾನಿಸಲಾಯಿತು. ಆಧಾರ: ಸಂಘದ ನಡಾವಳಿ ಪುಸ್ತಕ, ಸಭೆಯಲ್ಲಿ ನಾನೂ ಇದ್ದೆ.’

ಪಕ್ಕದ ಬಡಾವಣೆಯಿಂದ ವಾಕಿಂಗಿಗೆ ಬರುವವರು ಓದಿ ಓದಿ ತಲೆ ಕೆರೆದುಕೊಂಡರು. “ಯಾವ ಕೆರೆ ಗುರು?” “ಇರ್ಲಿಲ್ಲ ಅಂತ ವೋಟ್ ಹಾಕಿದಾರೆ ಅಂದ್ರೆ ಗ್ಯಾರಂಟಿ ಇತ್ತು ಮಗಾ.” ಒಬ್ಬ ಹುಡುಗಿ ಫೋಟೋ ತೆಗೆದಳು. ಸಿದ್ದೇಶ್ ಚಪ್ಪಲಿಯಿಲ್ಲದೆ ಓಡಿ ಬಂದ.

“ಮೇಡಂ, ಅಳಿಸಿ ಮೇಡಂ, ಕೈ ಮುಗೀತೀನಿ!”

“ತಪ್ಪು ಯಾವುದು ತೋರಿಸು, ಈಗಲೇ ಅಳಿಸ್ತೀನಿ.”

ಅವನು ಎರಡು ಸಲ ಓದಿದ. “ತಪ್ಪಿಲ್ಲ ಮೇಡಂ. ಅದೇ ತೊಂದರೆ.”

“ಬೀಗದ ಕೈ ತಗೋ ಹಾಗಾದ್ರೆ.”

ಸಿದ್ದೇಶ್ ಕೈ ಚಾಚಿದವನು, ಸುತ್ತ ನಿಂತ ಮುಖಗಳನ್ನು ನೋಡಿ ಹಿಂದಕ್ಕೆಳೆದುಕೊಂಡ. “ಬೇಡ. ಇವತ್ತು ನಿಮ್ಮ ಕೈಯಿಂದ ಕಿತ್ಕೊಂಡ್ರೆ ಜನಕ್ಕೆ ಇನ್ನೂ ಅನುಮಾನ ಜಾಸ್ತಿ ಆಗುತ್ತೆ. ನೀವೇ ಇಟ್ಕೊಳ್ಳಿ. ನಾಳೆಯಿಂದ ರೋಮ್ ಬಗ್ಗೆ ಬರೀರಿ, ದೂರ ಇದೆ.”

ಹಲಗೆ ಉಳಿಯಿತು. ಸಂಜೆ ಟೀಚರು ಬಟ್ಟೆಯಲ್ಲಿ ಅದನ್ನು ಒರೆಸುತ್ತಿದ್ದಾಗ ದೊಡ್ಡಣ್ಣ ಕೋಲೂರಿಕೊಂಡು ಬಂದರು. ನಾನು ಬೆಂಚಿನ ಮೇಲೆ ಪೇಪರಿನ ಹಿಂದಿದ್ದೆ.

“ಎರಡು ಚೀಟೀಲಿ ಒಂದು ನಿಮ್ದು.”

“ಹೌದು.”

“ಇನ್ನೊಂದು ಯಾರ್ದು ಅಂತ ಹುಡುಕಕ್ಕೆ ಹೋಗ್ಬೇಡಿ.”

“ಹೋಗಲ್ಲ ದೊಡ್ಡಣ್ಣೋರೇ.”

ದೊಡ್ಡಣ್ಣ ಎಡಕ್ಕೂ ಬಲಕ್ಕೂ ನೋಡಿದರು. ನಾನು ಪೇಪರನ್ನು ಇನ್ನಷ್ಟು ಮೇಲೆತ್ತಿಕೊಂಡೆ.

“ಮಧ್ಯದಲ್ಲಿ ಎರಡಾಳು ನೀರು ನಿಲ್ತಿತ್ತು. ಬೇಸಿಗೇಲೂ.”

“ಮಧ್ಯ ಅಂದ್ರೆ ಎಲ್ಲಿ?”

ಅವರು ಕೋಲೆತ್ತಿ ಸಿದ್ದೇಶನ ಮೂರಂತಸ್ತಿನ ಕಡೆ ತೋರಿಸಿದರು. ಮೇಲಿನ ಬಾಲ್ಕನಿಯಲ್ಲಿ ಬಾಡಿಗೆಯವರ ಬಟ್ಟೆ ಒಣಗುತ್ತಿತ್ತು. ತೋರಿಸಿದ ಕೋಲನ್ನು ಸರಕ್ಕನೆ ಕೆಳಗಿಳಿಸಿ ಕೇಳಿದರು:

“ಈಗ ನಾನು ತೋರ್ಸಿದ್ದು ಯಾರಾದ್ರೂ ನೋಡಿದ್ರಾ?”

ಟೀಚರು ಬೆಂಚಿನ ಕಡೆ ತಿರುಗಿದರು.