ಪುಟ್ ಆಫ್ ಕಲಿಸಿದ ಟೀಚರ್

ಮೊನ್ನೆ ಸಂಜೆ ಠಾಕುರ್ಲಿ ಸ್ಟೇಷನ್ನಿನಲ್ಲಿ ಲೋಕಲ್ ಗಾಡಿ ಇಳಿದು ಮನೆ ಕಡೆ ಓಡುತ್ತಿದ್ದೆ. ಯಾರದೋ ಅಡುಗೆಮನೆಯಿಂದ ಒಣಸಿಗಡಿ ಹುರಿಯುವ ವಾಸನೆ ಬಂತು. ಒಂದು ಕಾಲದಲ್ಲಿ ಅದಕ್ಕೆ ಮೂಗು ಮುಚ್ಚಿಕೊಳ್ಳುತ್ತಿದ್ದವಳು ನಾನು. ಮೊನ್ನೆ ಮಾತ್ರ ದಾರಿ ನಡುವೆ ನಿಂತುಬಿಟ್ಟೆ, ಹಿಂದೆ ಬರುತ್ತಿದ್ದವರು ಬೈದರು.

ಅದು ನಮ್ಮ ಟೀಚರ ಮನೆಯ ವಾಸನೆ. ಉಡುಪಿ ಕಡೆಯವರು, ನಮ್ಮ ಚಾಳಿನ ಎದುರು ಬಿಲ್ಡಿಂಗಿನಲ್ಲಿದ್ದರು. ಯಾವ ಶಾಲೆಯಲ್ಲೂ ಕಲಿಸುತ್ತಿರಲಿಲ್ಲ. ಗಂಡ ಹೋಟೆಲಿನ ಕೆಲಸಕ್ಕೆ ಹೋದ ಮೇಲೆ ಮಧ್ಯಾಹ್ನ ನಮ್ಮಂಥ ನಾಲ್ಕು ಹುಡುಗಿಯರಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದರು. ವಯಸ್ಸು ನಲವತ್ತು ದಾಟಿತ್ತು. ನನಗೆ ಮಹಾಪೆಯ ಒಂದು ಕಂಪನಿಯಲ್ಲಿ ಫೋನಿನಲ್ಲಿ ಮಾತಾಡುವ ಕೆಲಸ ಬೇಕಿತ್ತು. ಕಲ್ಯಾಣದ ಮಾರ್ಕೆಟ್ಟಿನಲ್ಲಿ ಮೂಟೆ ಹೊರುತ್ತಿದ್ದ ಅಪ್ಪ ಬೆನ್ನು ಹಿಡಿದು ಮಲಗಿದ್ದ. ನಮ್ಮೂರು ವಿಜಯಪುರಕ್ಕೇ ವಾಪಸು ಹೋಗಿಬಿಡೋಣ ಎಂದು ಅವ್ವ ದಿನಾ ಅನ್ನುತ್ತಿದ್ದಳು. ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

ಅಂಥ ಹೊತ್ತಿನಲ್ಲಿ ಟೀಚರ್ ಒಂದು ವಾರ ಪೂರ್ತಿ ‘ಪುಟ್ ಆಫ್’ ಹಿಡಿದು ಕೂತರು. ದೀಪ ಆರಿಸಿದರೂ ಪುಟ್ ಆಫ್, ಕೆಲಸ ಮುಂದೂಡಿದರೂ ಪುಟ್ ಆಫ್, ಇನ್ನೊಬ್ಬರ ಆಸೆಗೆ ತಣ್ಣೀರೆರಚಿದರೂ ಪುಟ್ ಆಫ್, ಹೇಸಿಗೆಯಾದರೂ ಅದೇ. ಇಷ್ಟಕ್ಕೆಲ್ಲ ಒಂದೇ ಮಾತಿಟ್ಟುಕೊಂಡ ಇಂಗ್ಲಿಷರು ಮಹಾ ಜಿಪುಣರಿರಬೇಕು ಎಂದು ನನಗೆ ರೇಗುತ್ತಿತ್ತು. ಅದರ ಮೇಲೆ ಟೀಚರದೊಂದು ಹಟ. ಪ್ರತಿ ಅರ್ಥಕ್ಕೂ ನಮ್ಮ ಬದುಕಿನಲ್ಲಿ ನಿಜವಾಗಿ ನಡೆದದ್ದನ್ನೇ ಬರೆಯಬೇಕು.

“ಪುಸ್ತಕದ್ದು ಬೇಡ ಮಾರಾಯ್ತಿ. ಸುಳ್ಳು ಬರೆದ್ರೆ ನಾನು ಗೀಟು ಎಳೀತೇನೆ.”

ನಾನು ಸಿಟ್ಟಿನಲ್ಲಿ, ನಿಮ್ಮ ಅಡುಗೆಮನೆಯ ವಾಸನೆ ನನ್ನನ್ನು ಪುಟ್ ಆಫ್ ಮಾಡುತ್ತದೆ ಎಂದು ಬರೆದೆ. ಓದಿ ಬಿದ್ದು ಬಿದ್ದು ನಕ್ಕು ಸರಿ ಗುರುತು ಹಾಕಿದರು. ಮರುದಿನದಿಂದ ನಾವು ಬರುವ ಹೊತ್ತಿಗೆ ಸಿಗಡಿ ಹುರಿಯುವುದನ್ನೇ ಬಿಟ್ಟರು. ಮುಂದೂಡುವುದಕ್ಕೆ ಅವರೇ ತಮ್ಮ ಬದುಕಿನದೊಂದು ವಾಕ್ಯ ಬರೆಸಿದರು: ಹದಿನೆಂಟು ವರ್ಷದಿಂದ ನಾನು ಕೆಲಸ ಹುಡುಕುವುದನ್ನು ಮುಂದೂಡುತ್ತಿದ್ದೇನೆ. ನಾವು ನಾಲ್ವರೂ ತಲೆ ಎತ್ತದೆ ಬರೆದುಕೊಂಡೆವು...

ಇಂಟರ್‌ವ್ಯೂ ದಿನ ಅವರು ನನ್ನ ಜೊತೆ ಬಂದರು. ನನಗೆ ಧೈರ್ಯಕ್ಕೆ ಅಂದುಕೊಂಡಿದ್ದೆ. ಮಹಾಪೆಯ ಗೇಟಿನಲ್ಲಿ ವಾಚ್‌ಮನ್ ಇಬ್ಬರಿಗೂ ಒಂದೊಂದು ಫಾರ್ಮು ಕೊಟ್ಟ. ಟೀಚರ್ ಪರ್ಸಿನಿಂದ ಪೆನ್ನು ತೆಗೆದರು. ಹೆಸರು ಬರೆದು, ವಯಸ್ಸಿನ ಜಾಗಕ್ಕೆ ಬಂದಾಗ ನನ್ನತ್ತ ತಿರುಗಿದರು.

“ನನ್ನಂಥವರನ್ನು ತಕ್ಕೊಳ್ತಾರಾ? ವಯಸ್ಸಿಗೆ ಏನಾದ್ರೂ ರೂಲ್ ಉಂಟಾ?”

ಆಗಷ್ಟೇ ಸಾಲಿನಲ್ಲಿದ್ದ ಹುಡುಗಿಯೊಬ್ಬಳು “ಏಕ್ ಹೀ ಸೀಟ್ ಬಚಾ ಹೈ” ಅಂದಿದ್ದಳು. ಉಳಿದಿರುವುದು ಒಂದೇ ಸೀಟು. ಅವರ ಇಂಗ್ಲಿಷಿನ ಮುಂದೆ ನನ್ನದು ಯಾವ ಲೆಕ್ಕ? ನನಗೆ ಭಯವಾಯಿತು.

“ಮೂವತ್ತರ ತನಕ ಅಷ್ಟೇ ಅಂತ್ರಿ, ಟೀಚರ್.”

ಹಾಗೆಂದು ನನಗೆ ಯಾರೂ ಹೇಳಿರಲಿಲ್ಲ.

“ಹೌದಾ... ಹೋಗ್ಲಿ ಬಿಡು. ನೀನು ನಿಧಾನ ಮಾತಾಡು, ಆಯ್ತಾ?” ಎಂದು ಫಾರ್ಮು ಮಡಚಿ ಪರ್ಸಿಗೆ ಹಾಕಿಕೊಂಡರು. ನಾನು ಹೊರಬರುವವರೆಗೂ ಬಿಸಿಲಲ್ಲೇ ನಿಂತಿದ್ದರು. ಕೆಲಸ ಸಿಕ್ಕಿತೆಂದಾಗ ನನಗಿಂತ ಹೆಚ್ಚು ಖುಷಿಪಟ್ಟರು.

ಟ್ರೇನಿಂಗಿನ ಮೊದಲ ದಿನ ನನ್ನ ಪಕ್ಕ ಕೂತವರು ನೌಪಾಡಾದ ಒಬ್ಬ ಮರಾಠಿ ಹೆಂಗಸು. ಹೊಸದಾಗಿ ಸೇರಿದವರೇ, ಐವತ್ತರ ಮೇಲಿನವರು. ಅಂದಿನಿಂದ ನನಗೆ ಟೀಚರ ಮುಖ ನೋಡಲಾಗಲಿಲ್ಲ. ಈ ಭಾನುವಾರ ಹೇಳುತ್ತೇನೆ, ಮುಂದಿನ ಭಾನುವಾರ ಹೇಳುತ್ತೇನೆ ಅಂದುಕೊಳ್ಳುತ್ತಲೇ ಸುತ್ತು ದಾರಿಯಲ್ಲಿ ಓಡಾಡಿದೆ. ಅಷ್ಟರಲ್ಲಿ ಅವರು ಮನೆ ಬದಲಿಸಿದರು.

ಹೋದ ವರ್ಷ ಡೊಂಬಿವಲಿಯ ಪ್ಲಾಟ್‌ಫಾರ್ಮಿನಲ್ಲಿ ಅವರ ಗಂಡ ಸಿಕ್ಕರು. ಟೀಚರ್ ತೀರಿಕೊಂಡು ಮೂರು ತಿಂಗಳಾಯಿತು ಎಂದರು. ತಮ್ಮ ಫೋನ್ ನಂಬರು ಕೊಟ್ಟರು.

“ನೀನು ಅಂದ್ರೆ ಅವಳಿಗೆ ಭಾರೀ ಹೆಮ್ಮೆ. ವಯಸ್ಸೊಂದು ಮೀರದಿದ್ರೆ ತಾನೂ ಅಲ್ಲೇ ಇರ್ತಿದ್ದೆ ಅಂತ ಹೇಳ್ತಿದ್ಲು.”

ಅಷ್ಟರಲ್ಲಿ ಗಾಡಿ ಬಂತು. ನಾನು ಹತ್ತಿಬಿಟ್ಟೆ.

ಟೀಚರಿಗೆ ಇನ್ನು ಹೇಳಲಾಗುವುದಿಲ್ಲ. ಅವರ ಗಂಡನಿಗಾದರೂ ನಿಜ ಹೇಳಬೇಕು. ದಿನವಿಡೀ ಗುರುತಿಲ್ಲದವರ ಜೊತೆ ಫೋನಿನಲ್ಲಿ ಮಾತಾಡುತ್ತೇನೆ. ಆ ಒಂದು ನಂಬರಿಗೆ ಮಾತ್ರ ಇನ್ನೂ ಫೋನ್ ಮಾಡಿಲ್ಲ.