ಮಡಿಕೆಯಲ್ಲಿ ಕಳೆದುಹೋದ ಓಣಿ

ಪುರಸಭೆ ಕಚೇರಿಗೆ ಇನ್ನೂ ಕಂಪ್ಯೂಟರು ಕಾಲಿಡದ ಕಾಲ. ಊರಿನಲ್ಲಿ ಯಾರೇ ಮನೆ ಕಟ್ಟಲಿ, ಹಿತ್ತಲಿಗೊಂದು ಗೋಡೆ ಎಬ್ಬಿಸಲಿ, ಅದರ ನಕ್ಷೆ ಮೊದಲು ಕಿಟಕಿ ಪಕ್ಕದ ಓರೆ ಮೇಜಿಗೆ ಬರಬೇಕಿತ್ತು. ಆ ಮೇಜಿನ ಹಿಂದೆ ಮೂವತ್ತು ವರ್ಷ ಕೂತ ನಕ್ಷೆಗಾರನನ್ನು ಊರೆಲ್ಲ ಗೆರೆಯಣ್ಣ ಎಂದೇ ಕರೆಯುತ್ತಿತ್ತು. ಸೂಜಿಮೊನೆಯ ಪೆನ್ನು, ಕಪ್ಪು ಶಾಯಿ, ತಪ್ಪಿದ ಗೆರೆ ಕೆರೆಯಲು ಅರ್ಧ ಬ್ಲೇಡು. ಆ ಬ್ಲೇಡಿಗೆ ತುಕ್ಕು ಹಿಡಿದಿದ್ದೇ ಅವನ ಹೆಮ್ಮೆ.

"ಪಕ್ಕದೋರ ಗಾಳಿ ಬೆಳಕು ನುಂಗ್ಬೇಡಿ. ಗೋಡೆ ಮೂರಡಿ ಹಿಂದಕ್ಕೆ ಸರ್ಸಿ" ಎಂದು ಬಂದವರಿಗೆಲ್ಲ ಹೇಳುತ್ತಿದ್ದ.

"ನಿಮ್ಮ ಬಾಯಲ್ಲಿ ಮೂರಡಿ ಬಿಟ್ಟು ಬೇರೆ ಮಾತೇ ಬರಲ್ವಲ್ಲ ಅಣ್ಣ" ಎಂದು ಗೊಣಗುತ್ತಲೇ ಜನ ಸರಿಸುತ್ತಿದ್ದರು.

ಊರಿನ ದೊಡ್ಡ ನಕ್ಷೆ ಬಟ್ಟೆಯ ಮೇಲಿತ್ತು. ಹಳೆಯದು ಮಡಿಸಿ ಮಡಿಸಿ ಮಡಿಕೆಗಳಲ್ಲೆಲ್ಲ ಸವೆದಾಗ ಗೆರೆಯಣ್ಣ ಹನ್ನೊಂದು ದಿನ ಬೆನ್ನು ಬಗ್ಗಿಸಿ ಹೊಸ ಪ್ರತಿ ಎಳೆದಿದ್ದ. ಹಳೆಯದನ್ನು ಗೆದ್ದಲು ತಿಂದು ಮುಗಿಸಿತು. ಅಂದಿನಿಂದ ಕಚೇರಿಗೆ ಅವನ ನಕ್ಷೆಯೇ ಕೊನೆಯ ಮಾತು.

ಅವನ ನಿವೃತ್ತಿಗೆ ಏಳು ತಿಂಗಳಿರುವಾಗ, ಒಂದು ಮಧ್ಯಾಹ್ನ ಟೈಲರಕ್ಕ ಕಾಗದ ಹಿಡಿದು ಬಂದಳು. ಸಂತೆಬೀದಿಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದ ಬಾಡಿಗೆ ಮಳಿಗೆಯನ್ನು ತಿಂಗಳ ಕೊನೆಗೆ ಬಿಡಬೇಕಿತ್ತು. ಮನೆಯ ಮುಂದಿನ ಜಾಗದಲ್ಲೇ ಒಂದು ಕೋಣೆ ಕಟ್ಟುತ್ತೇನೆಂದು ಅರ್ಜಿ ಹಾಕಿದ್ದಳು. ಹೊಸದಾಗಿ ಬಂದ ಅಧಿಕಾರಿ ಅದನ್ನು ತಿರಸ್ಕರಿಸಿದ್ದರು.

"ನೋಡಣ್ಣ, ನಿವೇಶನಕ್ಕೆ ದಾರಿ ಇಲ್ಲ ಅಂತ ಬರ್ದಿದ್ದಾರೆ. ಹಂಗಾದ್ರೆ ನಾನು ಬೆಳಿಗ್ಗೆ ಮನೆಯಿಂದ ಹಾರ್ಕೊಂಡು ಬಂದ್ನಾ?"

ಗೆರೆಯಣ್ಣ ನಗುತ್ತಲೇ ನಕ್ಷೆ ಬಿಡಿಸಿದ. ನಗು ಅರ್ಧಕ್ಕೇ ನಿಂತಿತು. ಟೈಲರಕ್ಕನದೂ ಸೇರಿ ಹನ್ನೊಂದು ಮನೆಗಳವರು ಓಡಾಡುವ ಓಣಿ ನಕ್ಷೆಯಲ್ಲಿರಲಿಲ್ಲ. ಎರಡೂ ಬದಿಯ ಮನೆಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ಹಳೆಯ ನಕ್ಷೆಯಲ್ಲಿ ಆ ಓಣಿ ಸರಿಯಾಗಿ ಮಡಿಕೆಯ ಮೇಲಿತ್ತು. ಸವೆದ ಗೆರೆಗಳು ಕಣ್ಣಿಗೆ ಬಿದ್ದಿರಲಿಲ್ಲ. ಆಮೇಲೆ ಆ ಓಣಿಯಲ್ಲಿ ಯಾರೂ ಏನೂ ಕಟ್ಟಲಿಲ್ಲ, ಹಾಗಾಗಿ ಯಾರಿಗೂ ತಿಳಿಯಲಿಲ್ಲ.

"ನಾಳೆ ಬಾರಮ್ಮ" ಎಂದಷ್ಟೇ ಹೇಳಿದ.

ಪಕ್ಕದ ಮೇಜಿನ ಗುಮಾಸ್ತ ಬಗ್ಗಿ ನೋಡಿದ. "ಇದಕ್ಯಾಕೆ ಇಷ್ಟು ಬೆವರ್ತೀಯೋ ಮಾರಾಯ? ಕೈ ನಿಂದು, ಶಾಯಿ ನಿಂದು. ಎರಡು ಗೆರೆ ಎಳ್ದು ಒಣಗ್ಸು. ಯಾವನಿಗೆ ಗೊತ್ತಾಗುತ್ತೆ?"

ಐದು ನಿಮಿಷದ ಕೆಲಸ. ಆದರೆ ಮೊಹರು ಬಿದ್ದ ನಕ್ಷೆಯಲ್ಲಿ ಕಡತದಲ್ಲಿ ದಾಖಲೆಯಿಲ್ಲದೆ ಮೂಡಿದ ಓಣಿಯನ್ನು ನಾಳೆ ಯಾರಾದರೂ ಸುಳ್ಳೆಂದರೆ ಹನ್ನೊಂದು ಮನೆಗಳೂ ಬೀದಿಗೆ ಬರುತ್ತವೆ. ಬರೆದು ಒಪ್ಪಿಕೊಂಡರೆ ಮೂವತ್ತು ವರ್ಷದ ಹೆಸರು ಮಣ್ಣುಪಾಲು.

ಸಂಜೆ ಮನೆಯಲ್ಲಿ ಚಹಾ ಆರಿಹೋಗುವವರೆಗೂ ಲೋಟ ಹಿಡಿದೇ ಕೂತಿದ್ದ. ಹೆಂಡತಿ ಬಿಡಿಸಿ ಬಿಡಿಸಿ ಕೇಳಿ ವಿಷಯ ಹೊರತೆಗೆದಳು.

"ಊರವರಿಗೆಲ್ಲ ಮೂರಡಿ ಸರೀರಿ ಸರೀರಿ ಅಂತ ಜೀವ ತಿಂದ್ರಿ. ಈಗ ನೀವೊಂದ್ಸಲ ಸರೀರಿ, ಏನು ಗಂಟು ಹೋಗುತ್ತೆ?"

"ನಿನಗೇನೇ, ಆಡ್ಬಿಟ್ಟೆ" ಎಂದ. ಊಟವಾದ ಮೇಲೆ ಪೆನ್ನು, ಹಾಳೆ ತೆಗೆದುಕೊಂಡು ಕೂತ.

ಮರುದಿನ ಅಧಿಕಾರಿಯ ಮುಂದೆ ಒಂದು ಹಾಳೆ ಇಟ್ಟ. 'ಈ ಓಣಿ ನನ್ನ ಕಣ್ತಪ್ಪಿನಿಂದ ಬಿಟ್ಟುಹೋಗಿದೆ' ಎಂದಿತ್ತು. ಅಧಿಕಾರಿ ಎರಡು ಸಲ ಓದಿದರು.

"ಹಳೇ ನಕ್ಷೆ ಹಾಳಾಗಿತ್ತು ಅಂತ ಬರೀಬಹುದಿತ್ತಲ್ಲ ಅಣ್ಣ?"

"ಹಾಳಾಗಿತ್ತು ಸಾರ್. ಆದ್ರೆ ನಾನು ಅಲ್ಲಿಗೆ ಹೋಗಿ ನೋಡ್ಬೇಕಿತ್ತು. ಕೂತಲ್ಲೇ ಎಳ್ದೆ."

ಅಧಿಕಾರಿ ಮೇಲೆದ್ದು ಅಳತೆಯ ಟೇಪು ಕೈಗೆತ್ತಿಕೊಂಡರು. ಇಬ್ಬರೂ ಓಣಿಗೆ ಹೋಗಿ ಅಳೆಯತೊಡಗಿದರು, ಒಂದು ತುದಿ ಅವರು, ಇನ್ನೊಂದು ಗೆರೆಯಣ್ಣ. ಓಣಿಯ ಹೆಂಗಸರೆಲ್ಲ ಬಾಗಿಲಿಗೆ ಬಂದರು.

"ಏನಣ್ಣ, ನಮ್ಮ ಓಣಿ ಸಿಕ್ತಾ? ಇಲ್ದಿದ್ರೆ ಹೇಳಿ, ಒಳಗೆಲ್ಲಾದ್ರೂ ಇಟ್ಟಿದ್ದೀವಾ ಹುಡುಕ್ತೀವಿ!"

"ಸಿಕ್ತು ತಾಯಿ, ಎಂಟಡಿ ಎರಡಿಂಚು" ಎಂದ ಗೆರೆಯಣ್ಣ, ತಲೆ ತಗ್ಗಿಸಿಕೊಂಡೇ ನಗುತ್ತಾ.

ತಿದ್ದಿದ ಗೆರೆ ಕೆಂಪು ಶಾಯಿಯಲ್ಲಿರಬೇಕೆಂಬುದು ನಿಯಮ. ಕಪ್ಪು ಊರಿನ ನಡುವೆ ಎರಡು ಕೆಂಪು ಗೆರೆ ಎಳೆದ. ಪಕ್ಕದಲ್ಲಿ ಯಾರೂ ಓದಬಹುದಾದಂತೆ ಸಹಿ ಹಾಕಿದ. ಹತ್ತು ದಿನಕ್ಕೆ ಟೈಲರಕ್ಕನಿಗೆ ಪರವಾನಗಿ ಸಿಕ್ಕಿತು.

ಈಗ ಕಚೇರಿಯಲ್ಲಿ ಓರೆ ಮೇಜಿಲ್ಲ, ಶಾಯಿಯ ವಾಸನೆಯಿಲ್ಲ. ನಕ್ಷೆ ಮಾತ್ರ ಗಾಜಿನ ಚೌಕಟ್ಟಿನಲ್ಲಿ ಗೋಡೆಗೇರಿದೆ. ಪಿಂಚಣಿಯ ಕಾಗದಕ್ಕೆಂದು ಹೋದಾಗಲೆಲ್ಲ ಗೆರೆಯಣ್ಣ ಅದರ ಮುಂದೆ ನಿಲ್ಲುತ್ತಾನೆ. ತಾನೆಳೆದ ಸಾವಿರಾರು ಗೆರೆಗಳಲ್ಲಿ ಅವನ ಕಣ್ಣು ಮೊದಲು ಹುಡುಕುವುದು ಆ ಎರಡನ್ನೇ. ನಡೆದು, ಅಳೆದು ಎಳೆದದ್ದು ಅವೆರಡನ್ನು ಮಾತ್ರ.