ಯಾಕಮ್ಮ ಆರಿಸಿದ ಮೇಜು

ಶನಿವಾರ ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ಟೈಲರಕ್ಕ ಗ್ರಂಥಾಲಯದ ಮಹಡಿಯ ಕೋಣೆಯಲ್ಲಿ ಕೂತು, ತಾನು ಹೊಲಿದ ಬಟ್ಟೆಯ ಪುಸ್ತಕದ ಅಂಚಿನ ಮೇಲೆ ಹೆಬ್ಬೆರಳು ಆಡಿಸುತ್ತಿದ್ದಳು. ಎಲ್ಲೂ ಒಂದು ನೂಲು ಎದ್ದಿರಲಿಲ್ಲ.

ಕಣ್ಣು ಕಾಣದ ಮಕ್ಕಳು ಬೆರಳಿನಿಂದ ನೋಡುವ ಚಿತ್ರಪುಸ್ತಕಗಳನ್ನು ಆ ಕೋಣೆಯಲ್ಲಿ ಏಳೆಂಟು ಜನ ಸೇರಿ ಬಿಡುವಿನಲ್ಲಿ ಮಾಡುತ್ತಿದ್ದರು. ಸಂಬಳವಿಲ್ಲ, ಸನ್ಮಾನವಿಲ್ಲ. ಇದ್ದ ಗೌರವ ಒಂದೇ. ಶಾಲೆಗೆ ಸೇರುವ ಮಗು ಇವರು ಮಾಡಿದ್ದನ್ನು ಮುಟ್ಟಿ ನೋಡಿ, ಇವರೊಳಗಿಂದ ತನ್ನ ಜೊತೆಗಾರರನ್ನು ತಾನೇ ಆರಿಸಿಕೊಳ್ಳುತ್ತಿತ್ತು. ವರ್ಷವಿಡೀ ಆ ಮಗುವಿನ ಪಾಠದ ಚಿತ್ರ ಮಾಡುವುದು, ಪಕ್ಕದಲ್ಲಿ ಕೂತು ಓದಿಸುವುದು ಅವರ ಪಾಲು. ಮಗು ಪುಸ್ತಕ ಮುಟ್ಟಿ ಮುಗಿಸುವವರೆಗೆ ಮಾಡಿದವರು ತುಟಿ ಬಿಚ್ಚಬಾರದು ಅನ್ನುವುದು ಅಲ್ಲಿಯ ಕಟ್ಟಳೆ.

ಆ ದಿನ ಆರಿಸಬೇಕಾದವಳು ಆರು ವರ್ಷದ ಯಾಕಮ್ಮ. ಹುಟ್ಟಿನಿಂದ ದೃಷ್ಟಿಯಿಲ್ಲ. ಎಲ್ಲದಕ್ಕೂ ‘ಯಾಕೆ’ ಅನ್ನುತ್ತಿದ್ದುದರಿಂದ ಆ ಹೆಸರು ಅಂಟಿಕೊಂಡಿತ್ತು. ಎರಡು ವರ್ಷದಿಂದ ಟೈಲರಕ್ಕನ ಪಕ್ಕದಲ್ಲೇ ಕೂತು ಗುಂಡಿ ಪೋಣಿಸಿದವಳು. ಅವಳು ನನ್ನವಳೇ ಎಂದು ಟೈಲರಕ್ಕ ಮನಸ್ಸಿನಲ್ಲೇ ರಿಜಿಸ್ಟರ್ ಮಾಡಿಸಿಬಿಟ್ಟಿದ್ದಳು.

ತಕರಾರು ಬಂದದ್ದು ಓರಗಿತ್ತಿಯಿಂದ. ಗಂಡನ ತಮ್ಮನ ಹೆಂಡತಿ, ಔಷಧಿ ಅಂಗಡಿಯಲ್ಲಿ ಕೆಲಸ. ರಜೆಯ ದಿನ ಬೇಜಾರು ಅಂದಳೆಂದು ಟೈಲರಕ್ಕನೇ ಕರೆತಂದಿದ್ದಳು, ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದ ಹಾಗೆ. ನಾಲ್ಕೇ ತಿಂಗಳಲ್ಲಿ ಮಕ್ಕಳೆಲ್ಲ “ಮೆಡಿಕಲ್ ಚಿಕ್ಕಮ್ಮ ಬಂದ್ರಾ?” ಎನ್ನತೊಡಗಿದವು. ಸೂಜಿಗೆ ನೂಲು ಪೋಣಿಸಲೂ ಬಾರದವಳು! ಅಡುಗೆಮನೆಯಲ್ಲಿ ಪಾಲು, ಬಚ್ಚಲಲ್ಲಿ ಪಾಲು, ಇನ್ನು ಇಲ್ಲೂ ಪಾಲೇ ಎಂದು ಟೈಲರಕ್ಕನ ಹೊಟ್ಟೆ ಉರಿಯಿತು.

ಯಾಕಮ್ಮನಿಗಾಗಿ ಇಬ್ಬರೂ ಮಾಡಬೇಕಿದ್ದ ಚಿತ್ರ ಮೇಜು. ಓರಗಿತ್ತಿ ರಟ್ಟು ಕತ್ತರಿಸಿ ಅಂಟಿಸಿದ್ದಳು. ನಡುವೆ ಒಂದು ಚೌಕ, ನಾಲ್ಕು ಮೂಲೆಯಿಂದ ನಾಲ್ಕು ಕಾಲು ನಾಲ್ಕು ದಿಕ್ಕಿಗೆ.

“ಇದೇನೇ, ಲಾರಿಯಡಿ ಸಿಕ್ಕ ಹಲ್ಲಿ?” ಎಂದಳು ಟೈಲರಕ್ಕ.

“ಮೇಜು ಅಕ್ಕ. ಕಣ್ಣು ಮುಚ್ಕೊಂಡು ಮುಟ್ಟಿದಾಗ ನಂಗೆ ಹೀಗೇ ಸಿಕ್ತು.”

ಟೈಲರಕ್ಕನದು ಹಾಗಲ್ಲ. ಮುಂದಿನ ಕಾಲು ಎರಡು ಉದ್ದ, ಹಿಂದಿನವು ಗಿಡ್ಡ, ಮೇಲ್ಭಾಗ ಓರೆ. ಯಾರೇ ನೋಡಿದರೂ ಭೇಷ್ ಎನ್ನಬೇಕು, ಹಾಗಿತ್ತು.

ಯಾಕಮ್ಮ ಮೊದಲು ಅದನ್ನೇ ಮುಟ್ಟಿದಳು. ಬೆರಳು ಹೋಗಿ ಬಂದು ನಿಂತಿತು.

“ಎರಡು ಕಾಲು ಗಿಡ್ಡ ಯಾಕೆ? ಬೀಳಲ್ವಾ?”

ಕಟ್ಟಳೆ ಮುರಿದು ಟೈಲರಕ್ಕ ಬಾಯಿಬಿಟ್ಟಳು. “ಅವು ಹಿಂದಿನವು ಪುಟ್ಟಾ. ದೂರ ಇರೋದು ಚಿಕ್ಕದಾಗಿ ಕಾಣುತ್ತೆ.”

“ಹಾಗಾದ್ರೆ ಅಪ್ಪ ಕೆಲಸಕ್ಕೆ ಹೋದಾಗ ಚಿಕ್ಕವನಾಗ್ತಾನಾ?”

ಎಲ್ಲರೂ ನಕ್ಕರು. ಓರಗಿತ್ತಿಯೂ ನಕ್ಕಳು, ಟೈಲರಕ್ಕ ಕಂಡದ್ದು ಆ ನಗು ಒಂದನ್ನೇ.

ಯಾಕಮ್ಮ ರಟ್ಟಿನ ಮೇಜು ಮುಟ್ಟಿದಳು. ಆಮೇಲೆ ಕೋಣೆಯಲ್ಲಿದ್ದ ನಿಜವಾದ ಮರದ ಮೇಜಿನ ಕೆಳಗೆ ನುಸುಳಿ ಅದರ ಕಾಲುಗಳನ್ನೂ ಒಂದೊಂದಾಗಿ ಸವರಿ ಹೊರಬಂದಳು. “ಇದು ಸರಿಯಾದ ಮೇಜು. ನಂಗೆ ಮೆಡಿಕಲ್ ಚಿಕ್ಕಮ್ಮ ಬೇಕು.”

ಇಬ್ಬರದೂ ಒಂದೇ ಬಸ್ಸು, ಒಂದೇ ಸೀಟು, ಒಂದೇ ಮನೆ. ಟೈಲರಕ್ಕ ದಾರಿಯುದ್ದಕ್ಕೂ ಕಿಟಕಿಯನ್ನೇ ನೋಡಿದಳು. ಆಮೇಲೆ ಮನೆಯಲ್ಲಿ “ಉಪ್ಪು ಕೊಡು”, “ನಲ್ಲಿ ನಿಲ್ಲಿಸು” ಬಿಟ್ಟರೆ ಮಾತಿಲ್ಲ.

ಎರಡು ವಾರಕ್ಕೆ ಓರಗಿತ್ತಿಯೇ ಹೊಲಿಗೆ ಯಂತ್ರದ ಬಳಿ ಬಂದು ನಿಂತಳು. ಕೈಯಲ್ಲಿ ಕಿತ್ತುಬಂದ ರಟ್ಟಿನ ಕಾಲುಗಳು.

“ಅಕ್ಕ, ಯಾಕಮ್ಮನ ಬೆರಳಿಗೆ ಗೋಂದು ನಿಲ್ತಿಲ್ಲ. ಬಟ್ಟೇಲಿ ಹೊಲಿದು ಕೊಡ್ತೀರಾ?”

“ನಿನ್ನ ಯಾಕಮ್ಮ, ನಿನ್ನ ಮೇಜು. ನನ್ನನ್ನ ಯಾಕೆ ಕೇಳ್ತೀಯ?”

“ಯಾಕೆ ಅನ್ನೋದು ಅವಳಿಗೆ ನಿಮ್ಮಿಂದಲೇ ಬಂದಿರ್ಬೇಕು,” ಎಂದು ಓರಗಿತ್ತಿ ಆ ಕಾಲುಗಳನ್ನು ಅಲ್ಲೇ ಇಟ್ಟು ಹೋದಳು.

ಟೈಲರಕ್ಕನಿಗೆ ಬಂದ ಮೊದಲ ಯೋಚನೆ ಒಳ್ಳೆಯದಲ್ಲ. ಕಚ್ಚಾ ಹೊಲಿಗೆ ಹಾಕಿದರೆ ವಾರದಲ್ಲಿ ಬಿಚ್ಚುತ್ತದೆ. ಆಗ ಗೊತ್ತಾಗಲಿ ಯಾರ ಕೈ ಬೇಕು ಅಂತ. ದೊಡ್ಡ ದೊಡ್ಡ ಹೊಲಿಗೆಯಲ್ಲಿ ಒಂದು ಕಾಲನ್ನು ಕೂರಿಸಿಯೂ ಆಯಿತು. ಅಭ್ಯಾಸಬಲದಿಂದ ಕಣ್ಣು ಮುಚ್ಚಿ ಹೆಬ್ಬೆರಳು ಆಡಿಸಿದಳು. ಹೊಲಿಗೆಯ ಸಂದಿಗೆ ಉಗುರು ಸಿಕ್ಕಿಕೊಂಡಿತು. ಯಾಕಮ್ಮ ಉಗುರು ಉದ್ದ ಬಿಡುವವಳು. ಎಳೆದರೆ ರಕ್ತ ಬರುತ್ತದೆ. ಬಿಚ್ಚಿ, ಎರಡೆಳೆಯಲ್ಲಿ ಒತ್ತಾಗಿ ಮತ್ತೆ ಹೊಲಿದಳು. ಕಣ್ಣು ಮುಚ್ಚಿ ಸವರಿದಾಗ ನಾಲ್ಕೂ ಕಾಲು ಸಮವಾಗಿ ಸಿಕ್ಕವು. ಇದರಿಂದ ಹೊಟ್ಟೆಕಿಚ್ಚು ಕಡಿಮೆಯಾಗಲಿಲ್ಲ, ಜಾಸ್ತಿಯಾಯಿತು. ಇಷ್ಟು ಸುಲಭದ್ದು ನನ್ನನ್ನು ಬಿಟ್ಟು ಓರಗಿತ್ತಿಗೆ ಹೇಗೆ ಹೊಳೆಯಿತು?

ಆ ವರ್ಷವಿಡೀ ಯಾಕಮ್ಮನ ಚಿತ್ರಗಳನ್ನು ಓರಗಿತ್ತಿ ಯೋಚಿಸಿದಳು, ಟೈಲರಕ್ಕ ಹೊಲಿದಳು. ಪಕ್ಕದಲ್ಲಿ ಕೂತು ಓದಿಸಿದ್ದು ಮಾತ್ರ ಓರಗಿತ್ತಿಯೇ. ಮರುವರ್ಷದಿಂದ ಟೈಲರಕ್ಕನೂ ಕಣ್ಣು ಮುಚ್ಚಿ ಚಿತ್ರ ಮಾಡತೊಡಗಿದಳು. ಮಕ್ಕಳು ಅವಳನ್ನೂ ಆರಿಸತೊಡಗಿದವು. ಓರಗಿತ್ತಿಯನ್ನು ಆರಿಸಿದಾಗಲೆಲ್ಲ ಟೈಲರಕ್ಕ ಬಸ್ಸಿನಲ್ಲಿ ಕಿಟಕಿಯ ಕಡೆ ತಿರುಗುವುದು ತಪ್ಪಲಿಲ್ಲ.

ವರ್ಷಗಳ ಮೇಲೆ, ಹೊಸದಾಗಿ ಸೇರಿದ ಬ್ಯಾಂಕಿನ ಗುಮಾಸ್ತರೊಬ್ಬರು ಸುಮ್ಮನೆ ವಿಚಾರಿಸಿದರು: ಇಲ್ಲಿವರೆಗೆ ಯಾರನ್ನ ಎಷ್ಟು ಮಕ್ಕಳು ಆರಿಸಿದ್ದಾರೆ?

“ನನ್ನನ್ನ ಏಳು, ಯಾಕಮ್ಮನೂ ಸೇರಿ,” ಎಂದಳು ಓರಗಿತ್ತಿ. “ಅಕ್ಕನ್ನ ಆರು.”

ಟೈಲರಕ್ಕ ಸೂಜಿಯಿಂದ ತಲೆ ಎತ್ತದೆ, ಕೋಣೆಗೆಲ್ಲ ಕೇಳುವಂತೆ ತಿದ್ದಿದಳು: “ಇಬ್ಬರಿಗೂ ಆರೂವರೆ.”